ಜರಿ ಮೇಸ್ತ್ರಿ ಮತ್ತು ಒಣಗದ ಗೋಡೆ

ನನ್ನ ಗಂಡ ನಲ್ಲಿ, ಪೈಪು ರಿಪೇರಿ ಮಾಡುವವರು. ನಮ್ಮ ಬೀದಿಯಲ್ಲಿ ಪ್ಲಂಬರ್ ಮನೆ ಎಲ್ಲಿ ಎಂದು ಕೇಳಿದರೆ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ಜರಿ ಮೇಸ್ತ್ರಿ ಮನೆ ಎಂದರೆ ಸಾಕು, ಮಾತು ಬಾರದ ಮಗುವೂ ಕೈ ತೋರಿಸುತ್ತದೆ. ಬಚ್ಚಲಿನಲ್ಲಿ ಹರಿದಾಡುವ ಹುಳುವಿನ ಹೆಸರನ್ನು ಗಂಡನಿಗೆ ಅಂಟಿಸಿದರೆ ಯಾವ ಹೆಂಡತಿಗೆ ಖುಷಿಯಾಗುತ್ತದೆ ಹೇಳಿ? ಮದುವೆಯಾದ ಹೊಸತರಲ್ಲಿ ನನಗಂತೂ ಮೈಯೆಲ್ಲ ಉರಿಯುತ್ತಿತ್ತು. ಈಗ ರೂಢಿಯಾಗಿದೆ.

ಹೆಸರು ಸುಮ್ಮನೆ ಬಂದದ್ದಲ್ಲ. ಗೋಡೆ ನೆನೆದರೆ ಬೇರೆ ಮೇಸ್ತ್ರಿಗಳು ಅಲ್ಲಿ ಇಲ್ಲಿ ಸುತ್ತಿಗೆ ಹೊಡೆದು ಅರ್ಧ ಮನೆ ಕೆಡವುತ್ತಾರೆ. ಇವರು ಮಾತ್ರ ಟಾರ್ಚ್ ಹಿಡಿದು ನೆಲದ ಮೇಲೆ ಬೋರಲಾಗಿ ಮಲಗಿ ಜರಿಹುಳು ಹುಡುಕುತ್ತಾರೆ. ಜರಿಯ ಚರ್ಮ ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲವಂತೆ. ಒಣ ಜಾಗದಲ್ಲಿ ಬೇಗ ಸೊರಗಿ ಸತ್ತೇ ಹೋಗುತ್ತದಂತೆ. ಹಾಗಾಗಿ ಅದು ಬೀಡು ಬಿಟ್ಟ ಕಡೆ ನೀರು ಇರಲೇಬೇಕು ಎನ್ನುವುದು ಇವರ ಲೆಕ್ಕ. ಜರಿ ಕಂಡಲ್ಲಿ ಉಳಿ ಇಟ್ಟರೆ ಸೋರುವ ಪೈಪು ಸಿಗುತ್ತಿತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಊಟಕ್ಕೆ ಕೂತಾಗಲೂ ಅದೇ ಪುರಾಣ. "ಅದು ಬಾಯಿಂದ ಕಚ್ಚಲ್ಲ ಕಣೇ, ಕಾಲಿಂದ ಕಚ್ಚುತ್ತೆ. ಮೊದಲನೇ ಜೊತೆ ಕಾಲೇ ವಿಷದ ಕೊಂಡಿ ಆಗಿರುತ್ತೆ" ಎನ್ನುತ್ತಾರೆ, ನಾನು ಬಾಯಿಗೆ ತುತ್ತಿಡುವ ಹೊತ್ತಿಗೆ ಸರಿಯಾಗಿ. ಒಮ್ಮೆ ಸತ್ತ ಜರಿಯೊಂದನ್ನು ಪೇಪರಿನ ಮೇಲೆ ಹಾಕಿಕೊಂಡು, ನನ್ನ ಹೊಲಿಗೆ ಸೂಜಿಯಿಂದ ಅದರ ಕಾಲು ಎಣಿಸಿದರು. ಇಪ್ಪತ್ತೊಂದು ಜೊತೆ. ಶತಪದಿ ಎಂದು ಹೆಸರಿದ್ದರೂ ಸರಿಯಾಗಿ ನೂರು ಕಾಲು ಇರುವುದಿಲ್ಲವಂತೆ. ಜೊತೆಗಳ ಸಂಖ್ಯೆ ಯಾವಾಗಲೂ ಬೆಸವಂತೆ. ಕಾಲು ಕಳಚಿ ಬಿದ್ದರೆ ಪೊರೆ ಬಿಡುವಾಗ ಮತ್ತೆ ಚಿಗುರುತ್ತದಂತೆ. ನಾನು ಆ ಸೂಜಿಯನ್ನು ಬಿಸಾಕಿದೆ.

ಇಂಥ ಮನುಷ್ಯನಿಗೆ ಇದ್ದ ಒಂದೇ ಕೊರಗು ಅವರ ಅಕ್ಕ. ತಾಯಿ ಸತ್ತ ಮೇಲೆ ಇವರನ್ನು ಎತ್ತಿ ಆಡಿಸಿ ಸಾಕಿದವರು ಈ ಅಕ್ಕನೇ, ನನಗೆ ಅತ್ತಿಗೆ. ತಮ್ಮನಿಗೆಂದು ಬೇರೊಂದು ಹುಡುಗಿಯನ್ನು ನೋಡಿಟ್ಟಿದ್ದರು. ಇವರು ನನ್ನನ್ನು ಮೆಚ್ಚಿ, ಎಲ್ಲ ನಿಶ್ಚಯವಾದ ಮೇಲೆ ಅಕ್ಕನಿಗೆ ತಿಳಿಸಿದರು. ಅಲ್ಲಿಗೆ ಮುಗಿಯಿತು. ಅತ್ತಿಗೆ ಮದುವೆಗೂ ಬರಲಿಲ್ಲ, ಆಮೇಲೆ ನಮ್ಮ ಮನೆಗೂ ಕಾಲಿಡಲಿಲ್ಲ. ಇವರು ಅವರ ಗೇಟಿನ ಬಳಿ ಹೋಗಿ ನಿಂತರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ನನಗೂ ರೋಷ ಕಡಿಮೆ ಇರಲಿಲ್ಲ. ಆ ಮನೆಯ ಕಡೆ ತಲೆ ಹಾಕಿಯೂ ಮಲಗಬಾರದು ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಅತ್ತಿಗೆಯ ಫೋನ್ ಬಂತು. "ಹಿಂದಿನ ಕೋಣೆ ಗೋಡೆ ನೆನೀತಾ ಇದೆ. ಬಂದು ನೋಡೋಕೆ ಹೇಳು ಅವನಿಗೆ" ಎಂದು ಇಟ್ಟೇಬಿಟ್ಟರು.

ನಮ್ಮ ಯಜಮಾನರು ಪೈಪು ರಿಪೇರಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು! "ನೀನೂ ಬಾರೇ, ಟಾರ್ಚ್ ಹಿಡಿಯೋಕೆ ಜನ ಬೇಕು" ಎಂದರು. ಇಷ್ಟು ವರ್ಷ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಕೆಲಸ ಮಾಡಿದವರು. ದಾರಿಯಲ್ಲಿ, "ಈ ಕೆಲಸ ಒಂದು ನೆಟ್ಟಗಾದ್ರೆ ಅಕ್ಕ ಮಾತಾಡ್ತಾಳೆ. ಕೆಟ್ಟರೆ ಮತ್ತೆ ಯಾವತ್ತೂ ಕರೆಯಲ್ಲ" ಎಂದರು. ಮನೆ ತಲುಪುವ ತನಕ ಇದನ್ನೇ ಹೇಳಿ ಹೇಳಿ ನನ್ನ ತಲೆ ತಿಂದರು.

ಅತ್ತಿಗೆ ಹಿಂದಿನ ಕೋಣೆಯ ಕುರ್ಚಿಯಲ್ಲಿ ಕೂತು ಗೋಡೆಗೇ ಹೇಳುವವರಂತೆ ಹೇಳಿದರು, "ಅದೇ ಗೋಡೆ." ನನ್ನನ್ನು ಬಾ ಎನ್ನಲಿಲ್ಲ. ನಾನು ಕೋಣೆಯ ಹೊಸ್ತಿಲಲ್ಲೇ ನಿಂತೆ. ಹಾಸಿಗೆ, ಹೊದಿಕೆ ಪೇರಿಸಿಟ್ಟ ಕೋಣೆ. ಒಂದು ನಲ್ಲಿಯೂ ಇಲ್ಲ. ಎದುರಿನ ಗೋಡೆ ಸೊಂಟದೆತ್ತರದಿಂದ ಬುಡದವರೆಗೆ ತೊಯ್ದು ಬಣ್ಣ ಉಬ್ಬಿತ್ತು. ಇವರು ಬೋರಲು ಮಲಗಿದರು. ಬುಡದಲ್ಲಿ ಸಡಿಲವಾದ ಟೈಲಿನ ಸಂದಿಯಲ್ಲಿ ಜರಿಯ ಎರಡು ಮೀಸೆ ಅಲ್ಲಾಡಿದವು.

"ಸಿಕ್ತು!" ಎಂದವರೇ ಅದರ ನೇರಕ್ಕೆ ಮೇಲೆ ಉಳಿ ಇಟ್ಟು ಗೋಡೆ ಒಡೆದರು.

ಒಳಗೆ ಪೈಪು ಇರಲಿಲ್ಲ. ಮೇಲಿನ ಗಾರೆ ಮಾತ್ರ ಒದ್ದೆ, ಒಳಗಿನ ಇಟ್ಟಿಗೆ ಒಣ ಒಣ. ಇವರ ಮುಖದಲ್ಲಿ ರಕ್ತವೇ ಇಲ್ಲವಾಯಿತು. ಮನೆಯ ನಲ್ಲಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿ ನೀರಿನ ಮೀಟರ್ ನೋಡಿಬಂದರು, ಮುಳ್ಳು ಅಲುಗಲಿಲ್ಲ. ಎಂದರೆ ಸೋರಿಕೆಯೇ ಇಲ್ಲ.

"ಇಷ್ಟು ವರ್ಷ ಇದನ್ನೇನಾ ಕಲಿತಿದ್ದು?" ಎಂದರು ಅತ್ತಿಗೆ. ದನಿ ನಡುಗಿತು. ಸಿಟ್ಟಿರಬೇಕು ಎಂದುಕೊಂಡೆ.

ಇವರು ಸಡಿಲ ಟೈಲನ್ನು ಮೆಲ್ಲಗೆ ಎತ್ತಿದರು. ಕೆಳಗೆ ಒದ್ದೆ ಮಣ್ಣಿನಲ್ಲಿ ಜರಿಯೊಂದು ಸುರುಳಿ ಸುತ್ತಿಕೊಂಡಿತ್ತು. ಸುರುಳಿಯ ನಡುವೆ ಹಳದಿ ಮೊಟ್ಟೆಗಳ ಗೊಂಚಲು. ಇವರು ಉಸಿರು ಬಿಗಿಹಿಡಿದು ಟೈಲನ್ನು ಇದ್ದಲ್ಲೇ ಇಳಿಸಿದರು.

"ತಾಯಿ ಇದು. ಊಟ ತಿಂಡಿ ಬಿಟ್ಟು ಕಾವಲು ಕೂತಿರುತ್ತೆ. ಬೂಸ್ಟು ಹಿಡೀಬಾರದು ಅಂತ ಮೊಟ್ಟೆಗಳನ್ನ ನೆಕ್ತಾ ಇರುತ್ತೆ. ನಾವು ಕೆಣಕಿದ್ರೆ ಗಾಬರಿಗೆ ತನ್ನ ಮೊಟ್ಟೆ ತಾನೇ ತಿಂದುಬಿಡಬಹುದು" ಎಂದರು. ಆಮೇಲೆ ನಿಧಾನವಾಗಿ, "ಇಲ್ಲಿ ಮನೆ ಮಾಡಿ ಮೊಟ್ಟೆ ಇಟ್ಟಿದೆ ಅಂದ್ರೆ ಇದು ನಿನ್ನೆ ಮೊನ್ನೆಯ ತೇವ ಅಲ್ಲ. ಬಹಳ ದಿನದಿಂದ ನೆನೀತಿದೆ. ಎಲ್ಲಿಂದ ಅಂತ..." ಎಂದು ಸುತ್ತ ನೋಡಿದರು.

ನಾನು ಅಷ್ಟರಲ್ಲಿ ನೋಡಿಬಿಟ್ಟಿದ್ದೆ. ನಾನು ನಿಂತಿದ್ದ ಬಾಗಿಲಿನ ಹಿಂದೆ ಒಂದು ಬಕೆಟ್ ನೀರು, ಅದರಲ್ಲಿ ತೇಲುವ ಮಗ್ಗು. ಬಕೆಟ್‌ನಿಂದ ಗೋಡೆಯವರೆಗೆ ನೆಲದಲ್ಲಿ ನೀರಿನ ಕಲೆ. ಹೊದಿಕೆ ಇಡುವ ಕೋಣೆಯಲ್ಲಿ ಯಾರಾದರೂ ನೀರಿಡುತ್ತಾರೆಯೇ? ಅತ್ತಿಗೆಯ ಕಡೆ ನೋಡಿದೆ. ಅವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದರು, ಕಿವಿ ಕೆಂಪಗಾಗಿತ್ತು. ತಮ್ಮನಿಗೆ ಫೋನ್ ಮಾಡಲು ಧೈರ್ಯ ಬರುವ ತನಕ ಈ ಹೆಂಗಸು ಎಷ್ಟು ದಿನ ಗೋಡೆಗೆ ನೀರೆರಚಿದ್ದರೋ! ಅವರನ್ನು ಕಂಡು ಅಯ್ಯೋ ಅನ್ನಿಸಿತು, ಮೊದಲ ಸಲ. ಹುಟ್ಟಿದಾರಭ್ಯ ಸುಮ್ಮನಿರದ ನನ್ನ ಬಾಯಿ ಅವತ್ತು ಸುಮ್ಮನಿತ್ತು.

ಇವರ ಕಣ್ಣೂ ಬಕೆಟ್ಟಿನ ಮೇಲೆ ಬಿತ್ತು. ಉಳಿಯನ್ನು ಒರೆಸಿ ಚೀಲಕ್ಕೆ ಹಾಕಿದರು. ಆ ಇಸ್ತ್ರಿ ಅಂಗಿಯ ತೋಳಲ್ಲೇ ಮುಖ ಒರೆಸಿಕೊಂಡರು.

"ಅಕ್ಕಾ, ಮೊಟ್ಟೆ ಒಡೆದು ಮರಿ ಹೊರಡೋ ತನಕ ಈ ಗೋಡೆ ಒಣಗಬಾರದು. ನೀನು ಹಾಕ್ತಿದ್ದ ಹಾಗೇ ದಿನಾ ನೀರು ಹಾಕ್ತಿರು. ನಾವು ಬಂದು ನೋಡ್ಕೊಂಡು ಹೋಗ್ತಿರ್ತೀವಿ."

"ಮರಿ ಹೋದ್ಮೇಲೆ?" ಎಂದು ಕೇಳಿದರು ಅತ್ತಿಗೆ.

"ಒಡೆದಿರೋ ಗೋಡೆ ಕಟ್ಟಬೇಕಲ್ಲ. ಗಾರೆ ಕೆಲಸದಲ್ಲಿ ನಾನು ಬಹಳ ನಿಧಾನ."

ಅತ್ತಿಗೆ ಸೆರಗಿನಿಂದ ಮೂಗೊರೆಸಿಕೊಂಡು ನನ್ನ ಕಡೆ ತಿರುಗಿದರು. "ನೀನ್ಯಾಕೆ ಕಂಬದ ಹಾಗೆ ಹೊಸ್ತಿಲಲ್ಲೇ ನಿಂತಿದೀಯಾ? ಒಳಗೆ ಬಾ."

ನಾನು ಒಳಗೆ ಹೋಗಿ, ಬಕೆಟ್ಟನ್ನು ಕಾಲಿಗೆ ತಾಗದ ಹಾಗೆ ಒದ್ದೆ ಗೋಡೆಯ ಹತ್ತಿರ ಸರಿಸಿದೆ.