ಆಪ್ಷನ್ ಮೊದಲು, ಪ್ರಶ್ನೆ ಆಮೇಲೆ

“ಪರೀಕ್ಷೆ ಪ್ಯಾಟರ್ನ್, ಪ್ಯಾಟರ್ನ್ ಅಂತ ಎಲ್ಲಾರೂ ಹೊಯ್ಕೋತಾರಲ್ರಿ ಅಕ್ಕಾರ, ಅದರಾಗ ಏನೂ ಮಂತ್ರ ಇಲ್ಲ. ನೂರು ಪ್ರಶ್ನೆ, ಒಂದೊಂದಕ್ಕ ಒಂದೊಂದು ಮಾರ್ಕು. ತಪ್ಪಾತಂದ್ರ ಮಾರ್ಕು ಕಳಿಯೂದಿಲ್ಲ, ಅದಕ್ಕ ಒಂದೂ ಖಾಲಿ ಬಿಡಬಾರದು. ಇಂಗ್ಲಿಷ್ ಒಂದು ಪಾಲು, ಲೆಕ್ಕ ಒಂದು ಪಾಲು, ತರ್ಕ ಒಂದು ಪಾಲು, ದೇಶದ ಸುದ್ದಿ ಒಂದು ಪಾಲು. ಕಣ್ಣಿದ್ದವ್ರು ಹಾಳಿ ಮ್ಯಾಲ ಹಂಗ ಕಣ್ಣಾಡಿಸಿ ಸುಲಭ ಇದ್ದದ್ದು ಮೊದಲು ಹೆಕ್ಕೋತಾರ. ನನಗ ಹಂಗ ಹೆಕ್ಕಾಕ ಬರೂದಿಲ್ಲ. ನನ್ನ ಕಡೆ ಪ್ರಶ್ನೆ ಒಂದರ ಹಿಂದ ಒಂದು ಬರ್ತಾವ, ಬಸ್ಸಿನ್ಯಾಗಿಂದ ಮಂದಿ ಇಳಿದಂಗ. ಮುಂದಿನವ್ರು ಇಳಿಯೂತನಕ ಹಿಂದಿನವ್ರು ನಿಂತಿರಬೇಕು. ಅದಕ್ಕ ಮೊದಲಿನ ನಾಕು ಮಾತು ಕೇಳಿದ ಕೂಡ್ಲೆ ಇದು ಎಂಥಾ ಪ್ರಶ್ನೆ ಅಂತ ಗುರುತು ಹಿಡಿಯೂದು ಕಲ್ತೀನಿ. ರೈಲು ಅಂತ ಶುರುವಾದ್ರ ಅದು ಉದ್ದನ್ನ ಲೆಕ್ಕ, ಮುಂದಕ್ಕ ಹೋಗ್ರಿ ಅಂತೀನಿ. ಫೋಟೋದಾಗಿನ ಹೆಂಗಸು ಅವನಿಗೆ ಏನಾಗಬೇಕು ಅಂತ ಕೇಳಿದ್ರ ಅದು ನೆಂಟಸ್ತಿಕಿ, ನಮ್ಮೂರಾಗ ಅದನ್ನ ಕಲಿಸಾಕ ಮಾಸ್ತರು ಬೇಕೇನ್ರಿ? ಮತ್ತ ನಾಕು ಆಪ್ಷನ್ ಓದಿಬಿಟ್ರ ಸಾಕು, ಸರಿ ಉತ್ತರ ತಾನಽ ಎದ್ದು ನಿಂತು ನಾ ಇಲ್ಲೀನಿ ಅಂತೈತಿ. ಹೆಂಗ ಅಂತ ಕೇಳಬ್ಯಾಡ್ರಿ. ಅಭ್ಯಾಸ.”

ಹೀಗೆಂದವಳು ಗುರುದೇವಿ. ಕೇಳುತ್ತಿದ್ದವಳು ಕೆಳಗಿನ ಮನೆಯ ಒಡತಿ ಸೌಮ್ಯಶ್ರೀ. ವಿಜಯನಗರದಲ್ಲಿ ಆ ಮನೆಯ ಮಹಡಿಯ ಮೇಲೊಂದು ಒಂಟಿ ಕೋಣೆ. ಗುರುದೇವಿ ಅದನ್ನು ಬಾಡಿಗೆಗೆ ಹಿಡಿದು ವರ್ಷಗಳೇ ಆಗಿದ್ದವು. ರೋಣದ ಕಡೆಯವಳು, ಮೂವತ್ತು ದಾಟಿದವಳು, ಹುಟ್ಟಿನಿಂದ ಕಣ್ಣು ಕಾಣದವಳು. ರಾಜಾಜಿನಗರದ ಒಂದು ಸಹಕಾರಿ ಬ್ಯಾಂಕಿನ ಮುಖ್ಯ ಕಚೇರಿಯಲ್ಲಿ ಅವಳಿಗೆ ಟೆಲಿಫೋನಿನ ಕೆಲಸ. ಬಂದ ಕರೆಯನ್ನು ಯಾರಿಗೆ ಸೇರಬೇಕೋ ಅವರಿಗೆ ಸೇರಿಸುವುದು. ಹಲೋ ಎಂಬ ಒಂದು ಮಾತಿನಲ್ಲೇ ಅವಳು ಆಳನ್ನು ಅಳೆದುಬಿಡುತ್ತಿದ್ದಳು. ಸಾಲ ಕೇಳಲು ಬಂದವರು ಯಾರು, ಸಾಲ ಕಟ್ಟದೆ ತಪ್ಪಿಸಿಕೊಳ್ಳುವವರು ಯಾರು, ಸೀಟಿನಲ್ಲಿದ್ದೂ ಇಲ್ಲ ಎನ್ನಿ ಎಂದು ಹೇಳಿಸುವ ಸಾಹೇಬರು ಯಾರು, ಎಲ್ಲ ಅವಳ ಕಿವಿಗೆ ಗೊತ್ತು.

ಆ ವರ್ಷ ಕಚೇರಿಗೆ ಒಂದು ರೆಕಾರ್ಡು ದನಿ ಬಂತು. ಸಾಲಕ್ಕೆ ಒಂದನ್ನು ಒತ್ತಿ, ಠೇವಣಿಗೆ ಎರಡನ್ನು ಒತ್ತಿ. ಅಲ್ಲಿಂದ ಗುರುದೇವಿಯ ಮೇಜಿಗೆ ಬರುವ ಕರೆಗಳು ಬತ್ತುತ್ತ ಬಂದವು. ಸಂಬಳವೇನೋ ನಿಲ್ಲಲಿಲ್ಲ, ಆದರೆ ಕೆಲಸವಿಲ್ಲದೆ ಕೂತ ಕೈಗೆ ಎಲ್ಲಿಯ ನೆಮ್ಮದಿ? ದುಪಟ್ಟಾದ ಅಂಚನ್ನು ಸುತ್ತುವಳು, ಬಿಚ್ಚುವಳು, ಮತ್ತೆ ಸುತ್ತುವಳು. ಎಂ.ಬಿ.ಎ. ಮಾಡಿದವರು ಅಧಿಕಾರಿಯ ಹುದ್ದೆಗೆ ಅರ್ಜಿ ಹಾಕಬಹುದೆಂದು ಬ್ಯಾಂಕಿನ ನಿಯಮ. ಸಂಜೆಯ ತರಗತಿಗೆ ಸೀಟು ಸಿಗಬೇಕಾದರೆ ಪ್ರವೇಶ ಪರೀಕ್ಷೆ ಬರೆಯಬೇಕು, ನೂರಕ್ಕೆ ಅರವತ್ತಾದರೂ ಬರಬೇಕು. ಹಿಂದಿನ ವರ್ಷ ಅರವತ್ತು ಬಂದವರಿಗೆ ಸಿಕ್ಕಿತ್ತು. ಕರೆಯನ್ನು ದಾಟಿಸಿದ್ದು ಸಾಕಾಗಿತ್ತು ಅವಳಿಗೆ. ದಾಟಿಸಿದ ಕರೆ ತನ್ನ ಮೇಜಿಗೇ ಬಂದು ನಿಲ್ಲಬೇಕು ಎಂಬ ಆಸೆ.

ಅವಳ ಫೋನು ಓದಿ ಹೇಳುತ್ತದೆ, ನಿಜ. ಆದರೆ ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ಗೈಡು ಪುಸ್ತಕದಲ್ಲಿದ್ದವು, ಮಾಸಲು ಅಚ್ಚು; ಫೋನು ಎರಡು ಸಾಲು ಓದಿ ತೊದಲುತ್ತಿತ್ತು. ಅದಕ್ಕೇ ಸಂಜೆ ಕುಕ್ಕರಿಳಿಸಿ ಸೌಮ್ಯಶ್ರೀ ಮಹಡಿ ಹತ್ತಿ ಬರುತ್ತಿದ್ದಳು. ಬಿ.ಕಾಂ. ಓದಿದವಳು, ಮದುವೆಯಾದ ಮೇಲೆ ಪುಸ್ತಕ ಮುಟ್ಟಿರಲಿಲ್ಲ. ಅವಳು ಓದುವುದು, ಇವಳು ಎ, ಬಿ, ಸಿ, ಡಿ ಅನ್ನುವುದು, ಅವಳು ಗುರುತು ಹಾಕುವುದು. ಪ್ರತಿ ಸಲವೂ ಎಂಬತ್ತರ ಮೇಲೆ.

“ನಿಮಗೆ ಸೀಟು ಸಿಕ್ಕಿತು ಅಂತ್ಲೇ ತಿಳ್ಕೊಳ್ಳಿ ಕಣ್ರೀ,” ಎನ್ನುತ್ತಿದ್ದಳು ಸೌಮ್ಯಶ್ರೀ. “ಆಫೀಸರ್ ಆದ್ಮೇಲೆ ನಮ್ಮೆಜಮಾನ್ರ ಅಂಗಡಿಗೆ ಲೋನ್ ಕೊಡಿಸ್ಬೇಕು, ಮರೀಬೇಡಿ.”

ಒಂದು ವಾರ ಸೌಮ್ಯಶ್ರೀ ತಂಗಿಯ ಸೀಮಂತಕ್ಕೆಂದು ದಾವಣಗೆರೆಗೆ ಹೋದಳು. ಹೋಗುವಾಗ ಓದುವ ಕೆಲಸವನ್ನು ಗಂಡನಿಗೆ ಗಂಟು ಹಾಕಿ ಹೋದಳು. ಗಿರಿರಾಜನದು ಕಾಮಾಕ್ಷಿಪಾಳ್ಯದಲ್ಲಿ ಬಿಡಿಭಾಗಗಳ ಅಂಗಡಿ. ಬೋಲ್ಟು ನಟ್ಟು ಎಣಿಸಿದಂತೆಯೇ ಅವನು ಪ್ರಶ್ನೆಗಳನ್ನೂ ಓದಿದ. ಎ ಹತ್ತು, ಬಿ ಹನ್ನೆರಡು, ಸಿ ಹದಿನಾಲ್ಕು, ಡಿ ಹದಿನಾರು, ಮುಂದೆ?

“ಅಣ್ಣಾರ, ಸ್ವಲ್ಪ ನಿಧಾನ ಓದ್ರಿ.”

“ಇನ್ನೂ ನಿಧಾನ ಓದಿದ್ರೆ ನಂಗೇ ನಿದ್ದೆ ಬರುತ್ತೆ ಕಣ್ರೀ.”

ಓದಿ ಮುಗಿಸಿ, ಕೂಡಿ, ಅವನು ಗಂಟಲು ಸರಿಮಾಡಿಕೊಂಡ. “ನಲವತ್ಮೂರು. ನಾನು ಓದಿದ್ದು ತಪ್ಪೋ, ನೀವು ಕೇಳಿದ್ದು ತಪ್ಪೋ?”

ಮಾರನೆಯ ದಿನವೂ ಅಷ್ಟೇ. ಅದರ ಮಾರನೆಯ ದಿನ ಇನ್ನೂ ಕಡಿಮೆ. ಗಿರಿರಾಜ ಓದುವಾಗ ಯಾವ ಉತ್ತರವೂ ಎದ್ದು ನಿಲ್ಲುತ್ತಿರಲಿಲ್ಲ. ನಾಲ್ಕೂ ಒಂದೇ ಎತ್ತರಕ್ಕೆ ಗೋಡೆಯ ಹಾಗೆ ಕೂತಿರುತ್ತಿದ್ದವು. ಗುರುದೇವಿ ತಾರಸಿಯ ಮೇಲೆ ನೀರಿನ ಟ್ಯಾಂಕಿನಿಂದ ಮೆಟ್ಟಿಲವರೆಗೆ, ಮೆಟ್ಟಿಲಿನಿಂದ ಟ್ಯಾಂಕಿನವರೆಗೆ ನಡೆದೇ ನಡೆದಳು. ಅಣ್ಣಾರ ಓದುವುದು ಸರಿಯಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡಳು. ಮನಸ್ಸು ಒಪ್ಪಲಿಲ್ಲ. ಬೇರೊಂದು ಅನುಮಾನ ಒಳಗೆ ಗೀರುತ್ತಿತ್ತು, ಅದನ್ನು ಬಾಯಿಬಿಟ್ಟು ಹೇಳಲು ಅವಳಿಗೇ ಹೆದರಿಕೆ.

ಸೌಮ್ಯಶ್ರೀ ಊರಿಂದ ಬಂದ ಸಂಜೆಯೇ ಗುರುದೇವಿ ಕೇಳಿದಳು. “ಅಕ್ಕಾರ, ಇವತ್ತ ಪ್ರಶ್ನೆ ಓದಬ್ಯಾಡ್ರಿ. ಬರೇ ಆಪ್ಷನ್ ಓದ್ರಿ.”

“ಪ್ರಶ್ನೆ ಇಲ್ದೆ ಉತ್ತರ ಹೇಳ್ತೀರಾ? ತಮಾಷೇನಾ?”

“ಓದ್ರಿ ನೀವು.”

ಸೌಮ್ಯಶ್ರೀ ನಗುತ್ತಲೇ ಓದಿದಳು. ನಾಲ್ಕು ಊರಿನ ಹೆಸರು. “ಬಿ,” ಎಂದಳು ಗುರುದೇವಿ. ನಾಲ್ಕು ಸಂಖ್ಯೆ. “ಡಿ.” ನಾಲ್ಕು ಇಂಗ್ಲಿಷ್ ಪದ. “ಎ.” ಹತ್ತು ಆಗುವಷ್ಟರಲ್ಲಿ ಎಂಟು ಸರಿಯಾಗಿದ್ದವು.

“ಅಯ್ಯಯ್ಯೋ, ಏನ್ರೀ ಇದು! ಪ್ರಶ್ನೇನೇ ಓದಿಲ್ಲ ನಾನು! ಕಣಿ ಗಿಣಿ ಹೇಳೋದು ಯಾವಾಗ ಕಲಿತ್ರಿ?”

ಗುರುದೇವಿ ತಲೆಯಾಡಿಸಿದಳು. “ಕಣಿ ಅಲ್ರಿ. ನೀವಽ ಹೇಳಾಕತ್ತೀರಿ.”

“ನಾನಾ?”

“ಗೈಡಿನ್ಯಾಗ ಸರಿ ಉತ್ತರದ ಮುಂದ ಏನರ ಗುರ್ತು ಐತೇನ್ರಿ?”

“ಇದೆ. ಕಪ್ಪು ಚುಕ್ಕೆ.”

“ಆ ಚುಕ್ಕಿ ಬಂದಾಗ ನಿಮ್ಮ ದನಿ ಒಂದೀಟು ಮೆತ್ತಗಾಗತೈತಿ. ಕೂಸಿನ ಬೆನ್ನು ಸವರಿದಂಗ. ನಾನು ಪ್ರಶ್ನೆ ಬಿಡಸ್ತಿರಲಿಲ್ಲ ಅಕ್ಕಾರ. ನಿಮ್ಮನ್ನ ಕೇಳ್ತಿದ್ದೆ.”

ಸೌಮ್ಯಶ್ರೀಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಮುಖ ಸಪ್ಪಗಾಯಿತು. “ನಾನೇನು ಬೇಕೂಂತ ಮಾಡಿದ್ನಾ? ಇಷ್ಟು ತಿಂಗಳು ಅಡಿಗೆ ಬಿಟ್ಟು ಬಂದು ಓದಿದ್ದಕ್ಕೆ ಇದಾ?” ಎಂದು ಪುಸ್ತಕ ಮುಚ್ಚಿ ಇಳಿದು ಹೋದಳು. ಎರಡು ದಿನ ಮೇಲೆ ಬರಲಿಲ್ಲ.

ಪರೀಕ್ಷೆಗೆ ಉಳಿದದ್ದು ಒಂದು ತಿಂಗಳೂ ಇಲ್ಲ. ಅಲ್ಲಿ ಓದಿ ಹೇಳಲು, ಗುರುತು ಹಾಕಲು ಅವರೇ ಯಾರನ್ನೋ ಕೊಡುತ್ತಾರೆ. ಆ ಯಾರೋ ಗಿರಿರಾಜನಂತೆ ಗೋಡೆಯಾಗಿದ್ದರೆ ತನ್ನ ಗತಿಯೇನು? ಸೌಮ್ಯಶ್ರೀಯಂತೆ ಮೆತ್ತಗಿನವರಾದರೆ? ಕಿವಿ ತಾನಾಗಿಯೇ ಅತ್ತ ಓಡುತ್ತದೆ, ಆಮೇಲೆ ಬಂದ ಸೀಟು ಯಾರದು? ಕಚೇರಿಯಲ್ಲಿ ಕೂತರೂ ಇದೇ ಗುಂಗು. ಸುಮ್ಮನಿರಲಾರದೆ ಅವಳು ತನ್ನ ಬ್ಯಾಂಕಿಗೇ ಫೋನು ಮಾಡಿ ಆ ರೆಕಾರ್ಡು ದನಿಯನ್ನು ಕೇಳಿಸಿಕೊಂಡಳು. ಸಾಲಕ್ಕೆ ಒಂದು, ಠೇವಣಿಗೆ ಎರಡು. ಮತ್ತೆ ಮಾಡಿದಳು, ಮತ್ತೆ ಕೇಳಿದಳು. ಆ ದನಿ ಯಾವುದರ ಕಡೆಗೂ ವಾಲುವುದಿಲ್ಲ. ಏಕೆಂದರೆ ಕರೆ ಮಾಡಿದವರಿಗೆ ಏನು ಬೇಕೆಂದು ಅದಕ್ಕೆ ಇನ್ನೂ ಗೊತ್ತೇ ಇಲ್ಲ.

ಅವತ್ತು ಅವಳೇ ಗೋಡೆ ಸವರಿಕೊಂಡು ಕೆಳಗಿಳಿದು ಬಾಗಿಲು ತಟ್ಟಿದಳು. “ಅಕ್ಕಾರ, ಸಿಟ್ಟು ಇಳಿದಿದ್ರ ಒಂದು ಮಾತು. ಚುಕ್ಕಿ ಕಾಣದಂಗ ಮುಚ್ಚಿಬಿಡ್ರಿ. ಪ್ರಶ್ನೇನೂ ಮುಚ್ರಿ. ಮೊದಲು ನಾಕು ಆಪ್ಷನ್ ಓದ್ರಿ, ಆಮ್ಯಾಲ ಪ್ರಶ್ನೆ ತಗದು ಓದ್ರಿ. ಆಪ್ಷನ್ ಓದೂವಾಗ ಉತ್ತರ ಯಾವುದಂತ ನಿಮಗೂ ಗೊತ್ತಿರಬಾರದು.”

ಒಳಗಿಂದ ಗಿರಿರಾಜ ಕೂಗಿದ. “ಉಲ್ಟಾ ಕ್ಲಾಸು! ಊಟದಲ್ಲೂ ಮಜ್ಜಿಗೆ ಮೊದಲು ಬಡಿಸು ಇವರಿಗೆ!”

“ನೀವು ಸುಮ್ನಿರಿ,” ಎಂದು ಸೌಮ್ಯಶ್ರೀ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಸಾಲು ಮುಚ್ಚಲು ಉದ್ದನೆಯ ಪಟ್ಟಿ ಮಾಡತೊಡಗಿದಳು.

ಹೇಳಿದಷ್ಟು ಸುಲಭವಾಗಿರಲಿಲ್ಲ. ಯಾವುದಕ್ಕೆಂದು ತಿಳಿಯದ ನಾಲ್ಕು ಮಾತುಗಳನ್ನು ಹಿಡಿದುಕೊಂಡು ಕಾಯಬೇಕು, ಬಾಗಿಲಲ್ಲಿ ನಾಲ್ಕು ಮಂದಿ ನೆಂಟರನ್ನು ನಿಲ್ಲಿಸಿಕೊಂಡ ಹಾಗೆ. ಪ್ರಶ್ನೆ ಬರುವಷ್ಟರಲ್ಲಿ ಒಬ್ಬರು ಕಳೆದುಹೋಗಿರುತ್ತಿದ್ದರು. ಮೊದಲ ದಿನ ನಲವತ್ತನ್ನೂ ದಾಟಲಿಲ್ಲ. ದಿನ ಹೋದಂತೆ ನಲವತ್ತೇಳು, ಐವತ್ತೊಂದು, ಐವತ್ತೈದು. ಪರೀಕ್ಷೆಯ ಹಿಂದಿನ ಸಂಜೆ ಐವತ್ತೊಂಬತ್ತು. ಅರವತ್ತನ್ನು ಮಾತ್ರ ಒಂದು ಸಲವೂ ಮುಟ್ಟಲಿಲ್ಲ.

ನಾಗರಬಾವಿ ಕಡೆಯ ಒಂದು ಕಾಲೇಜಿನಲ್ಲಿ ಪರೀಕ್ಷೆ. ಗಿರಿರಾಜ ಸ್ಕೂಟರಿನಲ್ಲಿ ಬಿಟ್ಟುಹೋದ. ಓದಿ ಹೇಳಲು ಕೊಟ್ಟದ್ದು ರಕ್ಷಾ ಎಂಬ ಪಿಯುಸಿ ಹುಡುಗಿಯನ್ನು. ಹುಡುಗಿಯ ಉಸಿರೇ ನಡುಗುತ್ತಿತ್ತು.

“ಆಂಟಿ, ನಂಗೆ ತುಂಬಾ ಭಯ ಆಗ್ತಿದೆ. ಉತ್ತರದ ಹಾಳೇಲಿ ನಾನು ತಪ್ಪು ಗೋಲ ತುಂಬಿಬಿಟ್ರೆ?”

“ತಂಗಿ, ಪರೀಕ್ಷೆ ನಂದು, ಭಯ ನಿಂದಾ? ನೀರು ಕುಡಿ ಮೊದಲು.”

ಅವಳನ್ನು ಸಮಾಧಾನ ಮಾಡುವುದರಲ್ಲಿ ತಾನು ಹೇಳಬೇಕಾದ್ದು ಮರೆತೇಹೋಯಿತು. ಗಂಟೆ ಹೊಡೆಯಿತು, ಹುಡುಗಿ ಓದತೊಡಗಿದಳು, ಎಲ್ಲರೂ ಓದುವ ಹಾಗೆ: ಪ್ರಶ್ನೆ, ಆಮೇಲೆ ಆಪ್ಷನ್. ಒಂದೆರಡು ಆದವು. ಮೂರನೆಯದು ದಿಕ್ಕಿನ ಪ್ರಶ್ನೆ. ಒಬ್ಬ ಉತ್ತರಕ್ಕೆ ನಡೆಯುತ್ತಾನೆ, ಎಡಕ್ಕೆ ತಿರುಗುತ್ತಾನೆ, ಮತ್ತೆ ಎಡಕ್ಕೆ, ಆಮೇಲೆ ಬಲಕ್ಕೆ. ಈಗ ಅವನ ಮುಖ ಎತ್ತ? ಗುರುದೇವಿಯ ಕಾಲುಬೆರಳುಗಳು ಚಪ್ಪಲಿಯೊಳಗೆ ಆಗಲೇ ತಿರುಗುತ್ತಿದ್ದವು; ಬಸ್‌ಸ್ಟಾಪಿನಿಂದ ಮನೆಗೆ ನಿತ್ಯ ತಿರುಗುವ ಕಾಲು. ಅಷ್ಟರಲ್ಲಿ ಹುಡುಗಿ ನಾಲ್ಕು ದಿಕ್ಕು ಓದಿದಳು, ಪೂರ್ವ ಎನ್ನುವಾಗ ದನಿ ಮೆತ್ತಗಾಯಿತು.

“ಪೂರ್ವ,” ಎಂದುಬಿಟ್ಟಳು ಗುರುದೇವಿ. ಕಾಲಿಗಿಂತ ಕಿವಿ ಮುಂದಾಗಿತ್ತು.

ಪೆನ್ನು ಗರಗರ ಅಂದಿತು. ಗೋಲ ತುಂಬಿಹೋಯಿತು.

“ತಂಗಿ, ಅದನ್ನ ಅಳಿಸಾಕ ಬರತೈತೇನು?”

“ಇಲ್ಲ ಆಂಟಿ, ಬಾಲ್‌ಪೆನ್ನು. ಯಾಕೆ, ತಪ್ಪಾಯ್ತಾ?”

ಗುರುದೇವಿ ಹುಡುಗಿಯ ಕಡೆಗೆ ಬಾಗಿದಳು. “ಇನ್ನ ಮ್ಯಾಲ ಆಪ್ಷನ್ ಮೊದಲು ಓದು, ಪ್ರಶ್ನೆ ಆಮ್ಯಾಲ. ಪ್ರಶ್ನೆ ಮ್ಯಾಲ ಕೈ ಇಟ್ಟು ಮುಚ್ಚಿಕೋ. ನೀನೂ ನೋಡಬ್ಯಾಡ.”

ಮೇಲ್ವಿಚಾರಕರು ಹತ್ತಿರ ಬಂದರು. “ಏನಮ್ಮಾ, ಯಾಕೆ ಹಿಂದುಮುಂದಾಗಿ ಓದ್ಸ್ತಾ ಇದೀರಾ?”

“ನನಗ ಹಂಗಽ ತಿಳೀತೈತ್ರಿ ಸಾರ್.”

“ಹೆಂಗಾದ್ರೂ ಓದಿಸ್ಕೊಳ್ಳಿ. ಮೆಲ್ಲಗೆ.”

ಉಳಿದದ್ದೆಲ್ಲ ಹಾಗೇ ನಡೆಯಿತು. ಆದರೆ ಮೂರನೆಯ ಪ್ರಶ್ನೆ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಕೊನೆಯ ತನಕ ಚುಚ್ಚಿತು. ಬೇರೆಯವರ ಉತ್ತರದಿಂದ ಸೀಟು ಬಂದರೆ ಆ ಕುರ್ಚಿಯಲ್ಲಿ ಹೇಗೆ ಕೂರುವುದು ಎಂದು ಮನೆಗೆ ಬಂದ ಮೇಲೂ ಚಡಪಡಿಸಿದಳು, ಸರಿಯುತ್ತರಗಳ ಪಟ್ಟಿ ಬರುವವರೆಗೂ ಚಡಪಡಿಸಿದಳು.

ಪಟ್ಟಿ ಬಂದ ಸಂಜೆ ಪ್ರಶ್ನೆಪತ್ರಿಕೆ, ಉತ್ತರದ ಹಾಳೆಯ ನಕಲು ಹಿಡಿದು ಮೂವರೂ ಕೆಳಗಿನ ಮನೆಯಲ್ಲಿ ಕೂತರು. ಗಿರಿರಾಜ ಫೋನಿನಲ್ಲಿದ್ದ ಪಟ್ಟಿ ಓದಿದ, ಸೌಮ್ಯಶ್ರೀ ತಾಳೆ ನೋಡಿದಳು.

“ಒಂದು, ಸರಿ. ಎರಡು, ಸರಿ. ಮೂರು... ನೀವು ಪೂರ್ವ ಹಾಕಿದೀರಾ. ಪಟ್ಟೀಲಿ ಪಶ್ಚಿಮ ಅಂತಿದೆ,” ಎಂದಳು ಸೌಮ್ಯಶ್ರೀ.

“ಪಶ್ಚಿಮಾ?”

“ಪಟ್ಟಿನೇ ತಪ್ಪು ಬಿಡ್ರೀ,” ಎಂದ ಗಿರಿರಾಜ. ಮುಂದಿದ್ದ ಪ್ರಶ್ನೆಪತ್ರಿಕೆಯ ಅಂಚಿಗೆ ಗೆರೆ ಎಳೆದ. “ಮೇಲೆ ಹೋದ, ಎಡಕ್ಕೆ, ಕೆಳಗೆ, ಬಲಕ್ಕೆ. ಬಲಗಡೆ ಪೂರ್ವ ತಾನೇ?”

“ಎದ್ದು ನಿಂತು ತಿರುಗಿ ನೋಡಿ ಒಂದ್ಸಲ,” ಎಂದಳು ಸೌಮ್ಯಶ್ರೀ. ಅವನು ಎದ್ದು ಉತ್ತರಕ್ಕೆ ಮುಖ ಮಾಡಿ ನಿಂತ. ಎಡಕ್ಕೆ ತಿರುಗಿದ, ಮತ್ತೆ ಎಡಕ್ಕೆ, ಆಮೇಲೆ ಬಲಕ್ಕೆ. ಪೂರ್ವದ ದೇವರ ಕೋಣೆಯ ಕಡೆಗೆ ಮುಖವಾಗಬೇಕೆಂದುಕೊಂಡಿದ್ದವನು ಪಶ್ಚಿಮದ ಬಚ್ಚಲು ಮನೆಗೆ ಮುಖ ಮಾಡಿ ನಿಂತ.

ಗುರುದೇವಿಗೆ ನಗು ತಡೆಯಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವರಿಬ್ಬರಿಗೂ ಯಾಕೆಂದು ತಿಳಿಯದು. “ಆ ಕೂಸಿಗೂ ಗೊತ್ತಿರಲಿಲ್ರಿ ಅಕ್ಕಾರ! ಗೊತ್ತಿಲ್ಲದಽ ಮೆತ್ತಗ ಓದಿತ್ತು! ನಾನು ತಿಂಗಳಾತು ಕಳವು ಮಾಡೀನಿ ಅಂತ ಸಾಯಾಕತ್ತೀನಿ. ನನ್ನ ಕಾಲು ಸರಿ ಹೇಳಾಕತ್ತಿತ್ತು, ಕೇಳಲಿಲ್ಲ ನಾನು.”

ಕೂಡಿದಾಗ ಅರವತ್ತೊಂದು ಬಂತು. ಸೌಮ್ಯಶ್ರೀ ಎರಡು ಸಲ ಕೂಡಿದಳು.

“ಅರವತ್ತೊಂದು ಸಾಕಾ?” ಎಂದ ಗಿರಿರಾಜ.

“ಹೋದ ವರ್ಷ ಸಾಕಾಗಿತ್ರಿ. ಈ ವರ್ಷ ಸೀಟು ಎಷ್ಟಕ್ಕ ನಿಲ್ಲತೈತೋ.” ಗುರುದೇವಿಯ ಬೆರಳು ಮತ್ತೆ ದುಪಟ್ಟಾ ಸುತ್ತತೊಡಗಿತ್ತು. “ನಿಲ್ಲಲಿ ಬಿಡ್ರಿ. ಬಂದಷ್ಟು ಮಾರ್ಕು ನಂದಽ ಐತಿ.”

ಸೌಮ್ಯಶ್ರೀ ಕಾಫಿಗೆ ಕೂರಿಸಿದರೂ ಕೂರಲಾಗದೆ ಗುರುದೇವಿ ಎದ್ದಳು. ಮೇಲೆ ಬೆಳಿಗ್ಗೆ ನೆನೆಹಾಕಿದ ಬಟ್ಟೆ ಬಕೆಟ್ಟಿನಲ್ಲೇ ಇತ್ತು. ಎರಡು ನೀರು ಜಾಲಿಸಿದಳು, ಒಂದೊಂದನ್ನೇ ಹಿಂಡಿ ಕೊಡವಿ, ಹೊಲಿಗೆ ಸವರಿ ಒಳಮೈ ಹೊರಮೈ ನೋಡಿಕೊಂಡು ತಂತಿಗೆ ಹಾಕಿದಳು. ಕ್ಲಿಪ್ಪು ಸಿಕ್ಕಿಸಿ, ಉಳಿದ ನೀರನ್ನು ತಾರಸಿಯ ಮೂಲೆಗೆ ಚೆಲ್ಲಿ, ಪೊರಕೆ ಹಿಡಿದು ಮೋರಿಯ ಕಡೆಗೆ ಗುಡಿಸತೊಡಗಿದಳು.