ಹೆಚ್ಚಾದ ನಲವತ್ತು ಕಿಲೋ

2023ರ ಬೇಸಿಗೆ. ಇಚಲಕರಂಜಿಯ ನನ್ನ ಫ್ಯಾಬ್ರಿಕೇಶನ್ ಶೆಡ್ಡಿಗೆ ಆಗ ಇಪ್ಪತ್ತೆರಡು ವರ್ಷ. ಗ್ರಿಲ್ಲಿರಲಿ, ಗೇಟಿರಲಿ, ನಮ್ಮ ದಂಧೆಯಲ್ಲಿ ದರ ಕಿಲೋ ಲೆಕ್ಕ. ಕಬ್ಬಿಣ ದಪ್ಪವಿದ್ದಷ್ಟೂ ಗಿರಾಕಿಗೆ ಭರವಸೆ, ನಮಗೆ ಲಾಭ. ಆ ರೂಢಿಯಿಂದಲೇ ಬಾಡಿಗೆ ಜಾಗ ಬಿಟ್ಟು ಸ್ವಂತ ಜಾಗಕ್ಕೆ ಬಂದವನು ನಾನು.

ಬಾಬುರಾವ್ ಮಾಸ್ತರರು ಮಗ್ಗದ ಮೋಟಾರುಗಳಿಗೆ ತಂತಿ ಸುತ್ತುತ್ತ ಮುಪ್ಪಾದವರು. ಹಳೆಯ ಪುಟ್ಟ ಕಾರಿನ ಎಂಜಿನ್ ಬಿಚ್ಚಿ, ಮನೆಯಂಗಳದಲ್ಲೇ ವಿದ್ಯುತ್ ಮೋಟಾರು ಕೂರಿಸಿದ್ದರು. ಕೊಲ್ಹಾಪುರದಿಂದ ತಂದ ಇಪ್ಪತ್ನಾಲ್ಕು ಲಿಥಿಯಂ ಸೆಲ್‌ಗಳನ್ನು ಡಿಕ್ಕಿಯಲ್ಲಿ ಅಲುಗದಂತೆ ಹಿಡಿಯುವ ರ‍್ಯಾಕ್ ಮಾತ್ರ ಬಾಕಿ; ಅದನ್ನು ನನಗೆ ಒಪ್ಪಿಸಿದರು. ಇದು ಶೋಕಿಯಾಗಿರಲಿಲ್ಲ. ಅವರ ಹೆಂಡತಿ ಶಾಂತವ್ವ ಮಗ್ಗದ ಶೆಡ್ಡಿನ ಹತ್ತಿಧೂಳಿನಲ್ಲಿ ದುಡಿದು ಶ್ವಾಸಕೋಶ ಕೆಡಿಸಿಕೊಂಡಿದ್ದರು. ಪೆಟ್ರೋಲ್, ಡೀಸೆಲ್ ವಾಸನೆ ಬಂದರೆ ಉಸಿರು ಕಟ್ಟುತ್ತಿತ್ತು. ಗಡಹಿಂಗ್ಲಜ ತಾಲೂಕಿನ ಮಹಾಗಾಂವದಲ್ಲಿ ಶಾಂತವ್ವನ ಅಕ್ಕ ಹಾಸಿಗೆ ಹಿಡಿದಿದ್ದರು. ನೋಡಲೆಂದು ಜೀಪಿನಲ್ಲಿ ಹೊರಟವರು ದಾರಿಯ ಕಾಗಲ ಊರನ್ನೂ ದಾಟಲಾಗದೆ ಹಿಂತಿರುಗಿದ್ದರು.

"ಮಲ್ಲಪ್ಪಾ, ಹಗೂರ ಮಾಡಪಾ. ಇದು ಕಾರ್ ಐತಿ, ಕಬ್ಬಿನ ಟ್ರಾಲಿ ಅಲ್ಲ."

"ಮಾಸ್ತರ, ತಂತಿ ಸುತ್ತೂದು ನಿಮಗ ಗೊತ್ತ, ಕಬ್ಬಿಣ ನನಗ ಬಿಡ್ರಿ. ಕಾಗದದ ಡಬ್ಬಿ ಮಾಡಾಂವ ನಾ ಅಲ್ಲ."

ಇಪ್ಪತ್ತೈದು ಎಂಎಂ ಕಬ್ಬಿಣದ ಆಂಗಲ್ ಪಟ್ಟಿ ಸಾಕಿತ್ತು. ನಾನು ಐವತ್ತರದ್ದು ಹಾಕಿದೆ. ಹದಿನಾಲ್ಕು ಕಿಲೋದಲ್ಲಿ ಮುಗಿಯಬೇಕಾದದ್ದು ಐವತ್ನಾಲ್ಕು ಕಿಲೋ ತೂಗಿತು. ಸೆಲ್‌ಗಳೇ ಬೇರೆ ತೊಂಬತ್ತಾರು ಕಿಲೋ. ಬುಧವಾರ ಕೂರಿಸಿ ಓಡಿಸಿದರೆ ಕಾರಿನ ಹಿಂಭಾಗ ಕುಸಿದು, ಮೊದಲ ಸ್ಪೀಡ್‌ಬ್ರೇಕರಿನಲ್ಲೇ ಟೈರು ಮಡ್ಗಾರ್ಡಿಗೆ ಉಜ್ಜಿತು. ಮಾಸ್ತರರು ಬೈಯಲಿಲ್ಲ. "ಇವತ್ತ ಅಕ್ಕನ ನೋಡಾಕ ಹೋಗೂಣು ಅಂದಿದ್ಲಪಾ ಆಕಿ," ಎಂದರಷ್ಟೆ.

ಎಲ್ಲ ಬಿಚ್ಚಿ, ತೆಳು ಆಂಗಲ್ ತಂದು, ಮತ್ತೆ ಕತ್ತರಿಸಿ ಬೆಸೆಯಲು ಎರಡು ದಿನ ಹಿಡಿಯಿತು. ಶುಕ್ರವಾರ ಮಧ್ಯಾಹ್ನ ಕೊನೆಯ ಬೋಲ್ಟು ಬಿಗಿಯುತ್ತಿದ್ದಾಗ ಮಾಸ್ತರರ ಫೋನು ರಿಂಗಾಯಿತು. ಅವರು ಕೇಳಿಸಿಕೊಂಡರು, ನನ್ನ ಕಡೆ ನೋಡಲಿಲ್ಲ. ಹಿಂದಿನ ಸೀಟಿನಲ್ಲಿ ಆಗಲೇ ಕೂತಿದ್ದ ಶಾಂತವ್ವನಿಗೆ ತಾನಾಗಿಯೇ ತಿಳಿಯಿತು.

"ನಡೀರಿ. ಅಕ್ಕನ ಮಣ್ಣಿಗಾರ ಹೋಗೂಣು," ಎಂದರು.

ಕಾರು ಸದ್ದಿಲ್ಲದೆ ಹೊರಟುಹೋಯಿತು. ಮುಂದಿನ ವಾರ ಅವರ ಮನೆಗೆ ಹೋದೆ. ಮಜೂರಿ ಬೇಡವೆಂದು ಹೇಳಲು ಬಾಯಿ ತೆರೆಯುವ ಮೊದಲೇ ಶಾಂತವ್ವ ಚಹಾ ತಂದಿಟ್ಟರು.

"ಗಾಡಿ ಭಾಳ ಚಲೋ ಆಗೇತ್ರಿ. ದಾರ‍್ಯಾಗ ಒಂದ ಸಲಾನೂ ಕೆಮ್ಮ ಬರಲಿಲ್ಲ. ಅಕ್ಕನ ಮಾರಿ ನಾ ನೋಡಿದ್ನಿರಿ. ಆಕಿ ನನ್ನ ನೋಡಲಿಲ್ಲ."

ಈ ಕಸುಬಿಗೆ ಬರುವವರಿಗೆ ನನ್ನದೊಂದು ಮಾತು. ಗಿರಾಕಿ ಅಳತೆ ಹೇಳುವ ಮೊದಲು, ಈ ವಸ್ತು ಯಾರಿಗೆ, ಯಾವ ದಿನಕ್ಕೆ ಬೇಕು ಎಂದು ಕೇಳಿ. ಉತ್ತರ ಬರುವವರೆಗೆ ಕಟರ್ ಕೈಗೆತ್ತಿಕೊಳ್ಳಬೇಡಿ. ಕೆಟ್ಟ ಬೆಸುಗೆಯನ್ನು ಉಜ್ಜಿ ಇನ್ನೊಮ್ಮೆ ಬೆಸೆಯಬಹುದು. ಆ ಬುಧವಾರವನ್ನು ಶಾಂತವ್ವನಿಗೆ ವಾಪಸ್ ಮಾಡಿಕೊಡಲು ನನ್ನಿಂದ ಆಗಿಲ್ಲ.