ಹಾರ್ಬೋರ್ನ್‌ನ ಹಡಗುಬೊಂಬೆಗೆ ಎಣ್ಣೆಸ್ನಾನ

ಲಾಕ್‌ಡೌನ್ ಮುಗಿದ ಮರುವರ್ಷ. ಆಗ ಬರ್ಮಿಂಗ್‌ಹ್ಯಾಮ್‌ನಲ್ಲಿ ನನ್ನದು ಹೌಸ್ ಕ್ಲಿಯರೆನ್ಸ್ ವ್ಯಾಪಾರ, ಅಂದರೆ ಖಾಲಿ ಮಾಡುವ ಮನೆಗಳ ಹಳೆಯ ಸಾಮಾನು ಕೊಂಡು ಮಾರುವುದು. ಹಾರ್ಬೋರ್ನ್‌ ಬಡಾವಣೆಯಲ್ಲಿ ಮನೆ ಕೊಂಡಿದ್ದ ನರ್ಸ್ ವೀಣಾ ಕರೆದರು. ಹಿಂದಿನ ಮಾಲೀಕರು ಗ್ಯಾರೇಜಿನಲ್ಲಿ ಮರದ ಹೆಂಗಸೊಬ್ಬಳನ್ನು ಬಿಟ್ಟುಹೋಗಿದ್ದರು. ಅದು ಫಿಗರ್‌ಹೆಡ್: ಹಾಯಿಹಡಗಿನ ಮೂತಿಗೆ ಕೂರಿಸುತ್ತಿದ್ದ ಬೊಂಬೆ. ಅಮೆರಿಕದ ಕೆಲಸ.

ಅಲ್ಲಿ ಇಂಥವನ್ನು ಜನಪದ ಕಲೆಯೆಂದು ಗೌರವಿಸುತ್ತಾರೆ. ಲೀಡ್ಸ್‌ನ ಚಿತ್ರಕಲಾವಿದೆ ಜೋನ್ ಅವನ್ನು ಜಲವರ್ಣದಲ್ಲಿ ದಾಖಲಿಸುತ್ತಲೇ ಮುದುಕಿಯಾದವರು. ಫೋಟೊದಲ್ಲಿ ವಾರ್ನಿಷ್ ಹೊಳೆದು ಬಣ್ಣ ಅಡಗುತ್ತದೆ; ಎದುರು ಕೂತು ಬರೆದರೆ ಸಿಗುತ್ತದೆ. ಆದರೆ ನಾವಿಕರು ಮತ್ತೆ ಮತ್ತೆ ಹೊಸ ಬಣ್ಣ ಬಳಿಯುತ್ತಿದ್ದರಿಂದ, ಕೆತ್ತಿದವನೇ ಹಚ್ಚಿದ ಬಣ್ಣ ಜೋನ್‌ಗೆ ಎಲ್ಲೂ ಸಿಕ್ಕಿರಲಿಲ್ಲ. ವೀಣಾ ಮನೆಯ ಬೊಂಬೆಯ ಮಸಿಯ ಕೆಳಗೆ ಒಂದೇ ಪದರವಿತ್ತು, ಅಂದರೆ ಕೆತ್ತಿದವನದೇ ಬಣ್ಣ. ಒಣಗಿ ಸಿಪ್ಪೆ ಏಳುತ್ತಿದ್ದ ಅಂಚಿನಲ್ಲಿ ನೋಡಿದ್ದೆ. ಗ್ಯಾರೇಜಿನ ಬೆಳಕಿಗೆ ಯಾವ ಬಣ್ಣವೆಂದು ಮಾತ್ರ ತಿಳಿಯಲಿಲ್ಲ. ಮಾರುವ ಮೊದಲು ಜೋನ್ ಕೈಲಿ ಚಿತ್ರ ಬರೆಸಿಕೊಳ್ಳಿ, ಅಲ್ಲಿಯವರೆಗೆ ಒರೆಸಲೂಬೇಡಿ ಎಂದು ವೀಣಾಗೆ ಎರಡು ಸಲ ಹೇಳಿದೆ.

ವೀಣಾಗೆ ಆಸ್ಪತ್ರೆಯ ರೋಟಾ ಪ್ರಕಾರ ಆ ವಾರ ಲಾಂಗ್ ಡೇ, ಹನ್ನೆರಡು ಗಂಟೆಯ ಪಾಳಿ. ಮೈಸೂರಿನಿಂದ ಬಂದಿದ್ದ ಅತ್ತೆ ರುಕ್ಮಿಣಮ್ಮನವರಿಗೆ ಹೇಳಿದ್ದು ಇಷ್ಟೇ: ನಾಳೆ ಇವಳ ಚಿತ್ರ ಬರೆಯಲು ಬರುತ್ತಾರೆ.

ಜೋನ್ ಜೊತೆ ನಾನು ಹೋದಾಗ ಬೊಂಬೆ ನಡುಮನೆಯಲ್ಲಿತ್ತು. ರುಕ್ಮಿಣಮ್ಮ ಹರಳೆಣ್ಣೆ ತಿಕ್ಕಿ, ಸೀಗೆಪುಡಿ, ಬಿಸಿನೀರಿನಲ್ಲಿ ಮೀಯಿಸಿ, ಕುಂಕುಮ ಇಟ್ಟಿದ್ದರು. ಮಸಿಯ ಜೊತೆ ಬಣ್ಣವೂ ಹೋಗಿ ಮೈಯೆಲ್ಲ ಬರಿಯ ಮರ.

ನನ್ನ ಮುಖ ನೋಡಿ ರುಕ್ಮಿಣಮ್ಮ, “ಚಿತ್ರ ಬರೆಸ್ಕೊಳ್ಳೋಳನ್ನ ಮುಖ ತೊಳೀದೆ ಕೂರಿಸ್ತಾರೇನಪ್ಪ? ನಿಮ್ಮ ಅಂಗಡೀಲಿ ಕೊಳೆಗೂ ರೇಟ್ ಇದ್ಯೋ?” ಎಂದರು.

“ಕೊಳೆಗೇ ರೇಟಮ್ಮ,” ಎಂದೆ.

ಜೋನ್ ಬೈಯಲಿಲ್ಲ. ಕಿವಿ, ಸೆರಗಿನ ಮಡಿಕೆ, ಬೆರಳ ಸಂದುಗಳನ್ನು ಮಸೂರ ಹಿಡಿದು ಹುಡುಕಿದರು. ಕೊನೆಗೆ ನನ್ನಿಂದ ಒಂದು ಪ್ರಶ್ನೆ ಕೇಳಿಸಿದರು: ತೊಳೆದ ನೀರು ಯಾವ ಬಣ್ಣಕ್ಕೆ ತಿರುಗಿತು?

ರುಕ್ಮಿಣಮ್ಮನಿಗೆ ಆಗ ಏನೋ ಅರ್ಥವಾಗಿರಬೇಕು. ಬಚ್ಚಲಿನ ಕಡೆ ತಿರುಗಿ ನೋಡಿದರು. “ಸೀಗೆ ನೀರಲ್ವೇನಪ್ಪ,” ಎಂದರು ಮೆಲ್ಲಗೆ. “ಕಂದು.”

ಜೋನ್ ಬಣ್ಣದ ಪೆಟ್ಟಿಗೆ ತೆರೆಯಲೇ ಇಲ್ಲ. ಪೆನ್ಸಿಲಿನಲ್ಲಿ ಆಕಾರವಷ್ಟೇ ಬರೆದು, ಉಳಿದದ್ದನ್ನು ಬಿಳಿಯಾಗಿ ಬಿಟ್ಟು ಹೊರಟರು. ಆಮೇಲೆ ನಾನು ಇಂಥ ಬೊಂಬೆಗಳ ಸುದ್ದಿ ಕೊಟ್ಟಾಗಲೆಲ್ಲ, ಬೇರೆ ಯಾರನ್ನಾದರೂ ಕರೆಯಿರಿ ಎಂದರು.

ಈ ವ್ಯಾಪಾರಕ್ಕೆ ಇಳಿಯುವವರಿಗೆ ನನ್ನ ಮಾತು: ಎಚ್ಚರಿಕೆಯನ್ನು ಫೋನ್ ಮಾಡಿದವರಿಗೆ ಹೇಳಿದರೆ ಸಾಲದು. ಮನೆಯಲ್ಲಿ ಬಕೆಟ್ ಹಿಡಿಯುವವರು ಯಾರೆಂದು ಕೇಳಿ, ಅವರ ಎದುರೇ ಕೂತು ಹೇಳಿ. ಮಾರಿದ ಮಾಲನ್ನು ಮರಳಿ ಕೊಂಡಿದ್ದೇನೆ, ಮುರಿದದ್ದನ್ನು ಕೂಡಿಸಿದ್ದೇನೆ. ಮೋರಿಗೆ ಹರಿದ ಬಣ್ಣವನ್ನು ತರುವ ದಾರಿ ಇವತ್ತಿಗೂ ನನಗೆ ಗೊತ್ತಿಲ್ಲ.